ಪಿಪೆಟ್ಟಿನ ಕೊನೆಯ ಹನಿ

ಹಾಲಿನ ಪಾಕೀಟು ಖಾಲಿಯಾದ ಮೇಲೆ ನೀವು ಏನು ಮಾಡುತ್ತೀರಿ? ಹೇಳಬೇಡಿ, ನನಗೆ ಗೊತ್ತು. ಸ್ವಲ್ಪ ನೀರು ಹಾಕಿ, ಕುಲುಕಿ, ಆ ಬಿಳಿ ನೀರನ್ನೂ ಪಾತ್ರೆಗೆ ಸುರಿಯುತ್ತೀರಿ. ಅಷ್ಟನ್ನು ಎಲ್ಲರೂ ಮಾಡುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾನು ಎರಡು ಸಲ ತೊಳೆಯುತ್ತೇನೆ. ಆಮೇಲೆ ಕತ್ತರಿಸಿ ತೆಗೆದ ಮೂಲೆಯ ಚೂರನ್ನು ನೀರಿನಲ್ಲಿ ಅದ್ದುತ್ತೇನೆ. ಆಮೇಲೆ ಕತ್ತರಿಯನ್ನು. ಕೊನೆಗೆ ಪಾಕೀಟು ಹಿಡಿದಿದ್ದ ಬೆರಳನ್ನು. ಮೊನ್ನೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, "ಮಮ್ಮಿ, ಇನ್ನ ಎಮ್ಮಿ ಒಂದು ತೊಳಿಯೂದು ಉಳೀತು ನೋಡು" ಅಂದಳು.

ಅವಳದ್ದೇನೂ ತಪ್ಪಿಲ್ಲ ಬಿಡಿ. ಅವಳು ಕೊಲ್ಹಾಪುರದ ಫ್ಲ್ಯಾಟಿನಲ್ಲಿ ಹುಟ್ಟಿದವಳು. ಹತ್ತಿರದ ಹುಪರಿಯಲ್ಲಿರುವ ನನ್ನ ತವರುಮನೆಯನ್ನು ಕಂಡಿದ್ದಾಳೆ, ಆದರೆ ಅಲ್ಲಿ ನನ್ನ ಅಜ್ಜಿ ನಡೆಸುತ್ತಿದ್ದ ಕಾಯಿದೆಯನ್ನು ಕಂಡಿಲ್ಲ. ನಮ್ಮದು ಬೆಳ್ಳಿ ಕೆಲಸದ ಮನೆ. ಮುತ್ತಜ್ಜ ಚಿಕ್ಕೋಡಿ ಕಡೆಯಿಂದ ಬರುವಾಗ ಕನ್ನಡವನ್ನೂ ಸುತ್ತಿಗೆಯನ್ನೂ ಕಟ್ಟಿಕೊಂಡು ಬಂದಿದ್ದನಂತೆ, ಎರಡನ್ನೂ ನಾವು ಬಿಟ್ಟಿರಲಿಲ್ಲ. ಮುಂದಿನ ಕೋಣೆಯಲ್ಲಿ ಅಪ್ಪ ಕಾಲ್ಗೆಜ್ಜೆ ಮಾಡುತ್ತಿದ್ದ. ತಂತಿ ಕತ್ತರಿಸಿದರೆ ಚೂರು ಸಿಡಿಯುತ್ತದೆ, ಅರದಿಂದ ಉಜ್ಜಿದರೆ ಪುಡಿ ಉದುರುತ್ತದೆ. ಆ ಪುಡಿ ನೆಲದ ಮೇಲೆ, ಬಟ್ಟೆಯ ಮೇಲೆ, ತಲೆಗೂದಲಲ್ಲಿ, ಉಗುರಿನ ಸಂದಿಯಲ್ಲಿ ಎಲ್ಲೆಂದರಲ್ಲಿ ಸೇರಿಕೊಳ್ಳುತ್ತದೆ. ಅದೆಲ್ಲವೂ ಬೆಳ್ಳಿ, ಹೊರಗೆ ಹೋಗಕೂಡದು. ಇದೇ ಅಜ್ಜಿಯ ಕಾಯಿದೆ.

ಆದ್ದರಿಂದ ನಮ್ಮ ಮನೆಯಲ್ಲಿ ಕಸವನ್ನು ಗುಡಿಸುತ್ತಿದ್ದರೇ ಹೊರತು ಚೆಲ್ಲುತ್ತಿರಲಿಲ್ಲ. ಅದು ಡಬ್ಬಿ ಸೇರುತ್ತಿತ್ತು. ಕೈ ತೊಳೆದ ನೀರು ಪೀಪಾಯಿ ಸೇರುತ್ತಿತ್ತು. ನಮ್ಮ ತಲೆ ಬಾಚುವಾಗ ಅಜ್ಜಿ ಕೆಳಗೊಂದು ಹಳೆಯ ಸೀರೆ ಹಾಸುತ್ತಿದ್ದಳು, ಹೇನು ಬಿದ್ದರೆ ಕುಟ್ಟುವುದು, ಬೆಳ್ಳಿ ಬಿದ್ದರೆ ಎತ್ತಿಡುವುದು. ನನ್ನ ತಮ್ಮನಿಗೆ ಸೀನು ಬರುವ ಲಕ್ಷಣ ಕಂಡರೆ ಸಾಕು, "ಏ, ಹಿತ್ತಲಕ ಓಡು! ಇಲ್ಲಿ ಸೀನಬ್ಯಾಡ, ಪುಡಿ ಹಾರತೈತಿ" ಎಂದು ಅಟ್ಟುತ್ತಿದ್ದಳು. ಅವನು ಅರ್ಧ ಸೀನು ಮೂಗಿನಲ್ಲಿಟ್ಟುಕೊಂಡು ಓಡುತ್ತಿದ್ದ.

ಎಲ್ಲಕ್ಕಿಂತ ದೊಡ್ಡದು ಹೊಸ್ತಿಲಿನ ಕಾಯಿದೆ. ಹೊಸ್ತಿಲ ಒಳಗೆ ಒಂದು ಗೋಣಿತಾಟು ಹಾಸಿರುತ್ತಿತ್ತು. ಬೇರೆಯವರ ಮನೆಗಳಲ್ಲಿ ಒಳಗೆ ಬರುವಾಗ ಕಾಲು ಒರೆಸುತ್ತಾರೆ, ನಮ್ಮಲ್ಲಿ ಹೊರಗೆ ಹೋಗುವಾಗ ಒರೆಸಬೇಕು. ಅಂಗಾಲಿಗೆ ಅಂಟಿದ ಪುಡಿ ಆ ತಾಟಿನಲ್ಲೇ ಉಳಿಯಬೇಕು. ವರ್ಷಕ್ಕೊಮ್ಮೆ ತಾಟನ್ನು ಸುಟ್ಟು ಬೂದಿಯಿಂದ ಬೆಳ್ಳಿ ತೆಗೆಸುತ್ತಿದ್ದರು. ಈ ಕಾಯಿದೆಯಿಂದ ಯಾರಿಗೂ ಮಾಫಿ ಇರಲಿಲ್ಲ. ನಮ್ಮ ಸೋದರತ್ತೆ ಲಗ್ನವಾಗಿ ಗಂಡನ ಮನೆಗೆ ಹೊರಟ ದಿನ ಮನೆಮಂದಿಯೆಲ್ಲ ಅಳುತ್ತಿದ್ದರಂತೆ. ಅಜ್ಜಿಯೂ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳಂತೆ. ಅಳುತ್ತಲೇ, "ಯವ್ವಾ, ಕಾಲ್ ಒರಸಿ ಹೋಗ" ಅಂದಳಂತೆ. ಈ ಮಾತನ್ನು ಅತ್ತೆ ಸಾಯುವತನಕ ಮರೆಯುವವಳಲ್ಲ, ಈಗಲೂ ಎಲ್ಲ ಲಗ್ನಗಳಲ್ಲೂ ಹೇಳುತ್ತಾಳೆ.

ಇಂಥ ಮನೆಯಲ್ಲಿ ನನಗೊಂದು ಹೆಸರಿತ್ತು. ಗೆಜ್ಜೆಯ ಸಣ್ಣ ಕೊಂಡಿಗಳನ್ನು ಬೆಸೆಯಲು ದೀಪದ ಉರಿಯ ಮೇಲೆ ಫುಂಕಣಿ, ಅಂದರೆ ಊದುಗೊಳವೆ, ಹಿಡಿದು ಬಾಯಿಂದ ಊದಬೇಕು. ಜೋರಾಗಿ ಊದಿದರೆ ಕೊಂಡಿ ಕರಗಿ ಗುಂಡಗಾಗುತ್ತದೆ, ಮೆಲ್ಲಗೆ ಊದಿದರೆ ಬೆಸುಗೆ ಹಿಡಿಯುವುದಿಲ್ಲ. ಅಪ್ಪ ಗ್ಯಾಸಿನ ಬರ್ನರ್ ತಂದಿದ್ದ, ಆದರೂ ನಾಜೂಕಿನ ಕೆಲಸಕ್ಕೆ ಫುಂಕಣಿಯೇ ಬೇಕಾಗುತ್ತಿತ್ತು. ಅದು ನನ್ನ ಬಾಯಿಗೆ ಚಿಕ್ಕಂದಿನಲ್ಲೇ ಒಲಿದಿತ್ತು. "ನನ್ನ ಉಸಿರು ಈ ಪೋರಿಗಿ ಬಂದೈತಿ" ಎಂದು ಅಜ್ಜಿ ಓಣಿಯ ತುಂಬ ಹೇಳಿಕೊಂಡು ಬರುತ್ತಿದ್ದಳು. ಹಾಗಾಗಿ ನಾನು ಹನ್ನೆರಡನೆಯ ಇಯತ್ತೆ ಪಾಸಾಗಿ ಕೊಲ್ಹಾಪುರದಲ್ಲಿ ಬಿ.ಎಸ್ಸಿ. ಮಾಡುತ್ತೇನೆ ಎಂದಾಗ ಅಜ್ಜಿಗೆ ತನ್ನ ಉಸಿರನ್ನೇ ಯಾರೋ ಎಸ್‌ಟಿ ಬಸ್ಸಿಗೆ ಹತ್ತಿಸಿಕೊಂಡು ಹೋದಂತಾಯಿತು.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಮೊದಲ ದಿನ ಕಾಲಿಟ್ಟಾಗ ಎಲ್ಲ ಹುಡುಗಿಯರೂ ಓಢಣಿಯಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಉದ್ದಕ್ಕೆ ಉಸಿರೆಳೆದುಕೊಂಡೆ. ಆಹಾ, ಆ ತೇಜಾಬಿನ ವಾಸನೆ, ಆ ಆಮ್ಲದ ಘಾಟು! ಬೆಳ್ಳಿ ತೊಳೆಯುವ ಹೊತ್ತಿನಲ್ಲಿ ನಮ್ಮ ಮನೆ ಹಾಗೆಯೇ ನಾರುತ್ತಿತ್ತು. ಅದಾದ ಮೇಲೆ ಊಟವಾದ್ದರಿಂದ ಆ ವಾಸನೆ ಬಂದರೆ ನನಗೆ ಹಸಿವು. ವರ್ಷವಿಡೀ ಲ್ಯಾಬಿನಲ್ಲಿ ನನ್ನ ಹೊಟ್ಟೆ ಗುರುಗುಟ್ಟುತ್ತಿತ್ತು.

ಅಲ್ಲಿ ನನ್ನ ಜೋಡಿ ಸುರೇಖಾ. ಇಚಲಕರಂಜಿಯವಳು, ಮನೆಯಲ್ಲಿ ಮಗ್ಗಗಳು. ಹಗಲೂ ರಾತ್ರಿ ಖಟಖಟ ಖಟಖಟ ಎನ್ನುವ ಮಗ್ಗಗಳ ಮಧ್ಯೆ ಬೆಳೆದವಳಾದ್ದರಿಂದ ಅವಳಿಗೆ ಮಾತಾಡುವ ಎರಡೇ ರೀತಿ ಗೊತ್ತಿತ್ತು. ಒಂದು, ಗಂಟಲು ಹರಿಯುವಂತೆ ಕೂಗುವುದು. ಇನ್ನೊಂದು, ದನಿಯೇ ಇಲ್ಲದೆ ಬರೀ ತುಟಿ ಆಡಿಸುವುದು. ಮಗ್ಗದ ಶೆಡ್ಡಿನಲ್ಲಿ ಕೂಗಿ ಕೂಗಿ ಸಾಕಾದವರು ಹಾಗೆಯೇ ಮಾತಾಡುತ್ತಾರಂತೆ, ಆ ತುದಿಯಲ್ಲಿದ್ದವರು ಈ ತುದಿಯಲ್ಲಿದ್ದವರ ತುಟಿ ನೋಡಿ "ಚಹಾ ಬಂತು" ಎಂದು ತಿಳಿದುಕೊಳ್ಳುತ್ತಾರಂತೆ. ನನಗೂ ಆ ವಿದ್ಯೆ ಕಲಿಸಿದಳು. ಕೂಗುವುದನ್ನು ಮಾತ್ರ ಬಿಡಲಿಲ್ಲ. "ಕಲಾ, ನಿನ್ನ ರೀಡಿಂಗ್ ಎಷ್ಟ ಬಂತಽ?" ಎಂದು ಅವಳು ಕೇಳಿದರೆ ಪಕ್ಕದ ಫಿಸಿಕ್ಸ್ ಲ್ಯಾಬಿನವರು ಕಿಟಕಿಯಲ್ಲಿ ಇಣುಕುತ್ತಿದ್ದರು.

ಮೊದಮೊದಲು ಲವಣ ಪರೀಕ್ಷೆ ನಡೆಯುತ್ತಿತ್ತು. ಯಾವುದೋ ಬಿಳಿ ಪುಡಿ ಕೊಡುತ್ತಾರೆ, ಅದು ಏನೆಂದು ಕಂಡುಹಿಡಿಯಬೇಕು. ಒಂದು ದಿನ ಕಂದು ಬಣ್ಣದ ಸೀಸೆಯಿಂದ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿಸಿದರು. ನೀರಿನಂತಿದ್ದದ್ದು ಕಣ್ಣೆದುರೇ ಮೊಸರಿನಂತೆ ಒಡೆದು ಬೆಳ್ಳಗಾಯಿತು. ನೀರಿನೊಳಗೆ ಬೆಳ್ಳಿ! ಹುಟ್ಟಿದಾಗಿನಿಂದ ಬೆಳ್ಳಿಯ ಮೇಲೆ ಹೊರಳಾಡಿದವಳು ನಾನು, ಅದು ಹೀಗೆ ಮಾಯವಾಗಿ ಮತ್ತೆ ಬರುತ್ತದೆಂದು ಗೊತ್ತಿರಲಿಲ್ಲ. ಅದು ಯಾಕೆ ಹಾಗಾಗುತ್ತದೆ ಎಂದು ತಿಳಿಯುವವರೆಗೂ ಈ ಜಾಗ ಬಿಟ್ಟು ಕದಲಬಾರದು ಅನ್ನಿಸಿತು. ಅಷ್ಟು ಖುಷಿ ನನಗೆ ಅದಕ್ಕಿಂತ ಮೊದಲು ಯಾವ ಪಾಠದಿಂದಲೂ ಆಗಿರಲಿಲ್ಲ.

ಸಂಜೆ ಮನೆಗೆ ಹೋದೆ. ಆ ಔಷಧ ತಾಗಿ ಬೆರಳ ತುದಿ ಕಪ್ಪಗಾಗಿತ್ತು. ಅಜ್ಜಿ ಕೈ ಹಿಡಿದುಕೊಂಡಳು.

"ಇದೇನಿದು, ಬೆರಳು ಕರ್ರಗಾಗ್ಯಾವ?"

"ಬೆಳ್ಳಿ ಔಷಧ ಹತ್ತೇತಿ, ಅಜ್ಜಿ. ಕಾಲೇಜಿನ್ಯಾಗ ಸೀಸೆದೊಳಗ ಬೆಳ್ಳಿ ಕರಗಿಸಿ ಇಟ್ಟಿರ್ತಾರ."

"ಅದನ್ನ ತೊಗೊಂಡು ಏನ್ ಮಾಡ್ತಾರ?"

"ಎರಡು ಹನಿ ಹಾಕಿ, ಮೊಸರಿನಂಗ ಆಗ್ತೈತೇನು ನೋಡ್ತಾರ."

"ಆದ ಮ್ಯಾಲ?"

"ಬರಕೋತಾರ."

"ಬರಕೊಳ್ಳಲಿ ಬಿಡು. ಆ ಬೆಳ್ಳಿ ಎಲ್ಲಿ ಹೋಗ್ತೈತಿ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಮೋರಿಗೆ ಚೆಲ್ತಾರ" ಅಂದೆ.

ಅಜ್ಜಿ ನನ್ನ ಕೈ ಬಿಟ್ಟು ಹಣೆಗೆ ಕೈ ಹಚ್ಚಿಕೊಂಡಳು. "ಅಯ್ಯ ಶಿವನೇ! ಚೆಲ್ಲೂದು ಕಲಿಸಾಕ ಒಂದು ಕಾಲೇಜು! ಅದೂ ಬೆಳ್ಳಿ!" ಅಪ್ಪನನ್ನು ಕೂಗಿದಳು. "ಏ, ಕೇಳಿದ್ಯೇನೋ ನಿನ್ನ ಮಗಳು ಕಲಿಯೂದು? ನಾ ಇಲ್ಲಿ ಸೆರಗ ಝಾಡಿಸಿ ಝಾಡಿಸಿ ಕೂಡಿಸಾಕತ್ತೇನಿ, ಇಕಿ ಅಲ್ಲಿ ಮೋರಿಗೆ ಸುರದ ಬರ್ತಾಳ."

"ಇರ್ಲಿ ಬಿಡವಾ, ಕಲಿಯೂ ಹುಡುಗರು" ಎಂದು ಅಪ್ಪ ಮೆಲ್ಲಗೆ ಅಂದ. ಅವನು ಅಜ್ಜಿಯ ಎದುರು ಯಾವಾಗಲೂ ಮೆಲ್ಲಗೆ ಅನ್ನುವವನೇ.

"ಇರ್ಲಿ. ಈ ವರ್ಷ ನೋಡ್ತೇನಿ. ಕಡೀ ಪರೀಕ್ಷಾದಾಗ ಪಾಸಾದ್ಲು, ಹೋಗ್ಲಿ ಮುಂದ. ಒಂದರಾಗ ನಾಪಾಸಾದ್ರೂ ಫುಂಕಣಿ ಹಿಡಕೊಂಡು ಇಲ್ಲೇ ಕುಂಡರ್ಲಿ. ಅಷ್ಟ ಮಾತು."

ನಮ್ಮ ಮನೆಯಲ್ಲಿ 'ಅಷ್ಟ ಮಾತು' ಅಂದರೆ ಕೋರ್ಟಿನ ತೀರ್ಪು. ನನಗೇನು, ಪುಸ್ತಕದ ಪರೀಕ್ಷೆಯ ಹೆದರಿಕೆ ಇರಲಿಲ್ಲ. ಲ್ಯಾಬಿನ ಹೆದರಿಕೆಯಂತೂ ಮೊದಲೇ ಇರಲಿಲ್ಲ. ಊದುವುದು, ಹೀರುವುದು, ಹನಿ ಹನಿ ಕಾಯುವುದು, ಇವೆಲ್ಲ ನನ್ನ ಮನೆತನದ ಕಸುಬಲ್ಲವೇ! ಸುರೇಖಾಳಿಗೆ ಹಾಗೆಂದು ಒಣ ಜಂಬ ಕೊಚ್ಚಿದ್ದೂ ಆಯಿತು. ಬಂತು ನೋಡಿ ಟೈಟ್ರೇಶನ್.

ನೀವು ಆರ್ಟ್ಸ್ ಕಡೆಯವರಾದರೆ ಗಾಬರಿಯಾಗಬೇಡಿ, ಇದು ಸರಳ. ಪಿಪೆಟ್ ಎಂಬ ಸಣ್ಣ ಗಾಜಿನ ಕೊಳವೆಯಿಂದ ಆಮ್ಲವನ್ನು ಬಾಯಲ್ಲಿ ಹುಷಾರಾಗಿ ಹೀರಬೇಕು. ಅದರ ಮೇಲೊಂದು ಗೆರೆ ಇರುತ್ತದೆ, ಅಲ್ಲಿಗೆ ಬಂದೊಡನೆ ತುದಿಯನ್ನು ಬೆರಳಿನಿಂದ ಮುಚ್ಚಿ, ಅಳೆದದ್ದನ್ನು ಫ್ಲಾಸ್ಕಿಗೆ ಬಿಟ್ಟು, ಬಣ್ಣ ತೋರಿಸುವ ಔಷಧ ಎರಡು ಹನಿ ಹಾಕಬೇಕು. ಹೀರಲು ರಬ್ಬರಿನ ಬಲ್ಬುಗಳೂ ಇದ್ದವು, ಎಲ್ಲವೂ ತೂತು. ಫ್ಲಾಸ್ಕಿನ ಮೇಲೆ ನಲ್ಲಿಯಿರುವ ಉದ್ದನೆಯ ಬ್ಯುರೆಟ್ ನಿಂತಿರುತ್ತದೆ, ಅದರಿಂದ ಕ್ಷಾರವನ್ನು ಹನಿಹನಿಯಾಗಿ ಬೀಳಿಸಬೇಕು. ಯಾವ ಹನಿಗೆ ಫ್ಲಾಸ್ಕಿನ ನೀರು ತೆಳು ಗುಲಾಬಿಯಾಗುತ್ತದೋ ಅಲ್ಲಿ ನಲ್ಲಿ ಮುಚ್ಚಿ, ಎಷ್ಟು ಮಿಲಿಲೀಟರ್ ಖರ್ಚಾಯಿತೆಂದು ಬರೆದುಕೊಳ್ಳಬೇಕು. ಅಷ್ಟೇ.

ಎಲ್ಲರಿಗೂ ಹತ್ತು ಬಂತು. ನನಗೆ ಹತ್ತು ಪಾಯಿಂಟ್ ಮೂರು.

ಮತ್ತೆ ಮಾಡಿದೆ. ಹತ್ತು ಪಾಯಿಂಟ್ ಮೂರು. ಮೂರನೆಯ ಸಲವೂ ಅದೇ. ಹತ್ತು ಪಾಯಿಂಟ್ ಎರಡೂ ಅಲ್ಲ, ನಾಲ್ಕೂ ಅಲ್ಲ. ಕೈ ಅಷ್ಟು ಪಕ್ಕಾ ಇರುವಾಗ ತಪ್ಪು ನನ್ನದಾಗುವುದು ಹೇಗೆ? ಉಳಿದ ಇಡೀ ಕ್ಲಾಸೇ ತಪ್ಪು ಎಂದು ನಾನು ತೀರ್ಮಾನಿಸಿದೆ. ದೀಪಾವಳಿಗೆ ಮುಂಚಿನ ಚಾಚಣಿಯಲ್ಲಿ, ಅಂದರೆ ಸಣ್ಣ ಪರೀಕ್ಷೆಯಲ್ಲಿ, ನನಗೆ ಟೈಟ್ರೇಶನ್ನೇ ಬಂದು ನಾಪಾಸಾದೆ. ಆಗ ನನ್ನ ತೀರ್ಮಾನ ಸ್ವಲ್ಪ ಅಲುಗಾಡಿತು. ರಾತ್ರಿ ಮೂಲೆಗೆ ಬೆನ್ನು ಹಾಕಿ ಊಟಕ್ಕೆ ಕೂತೆ. ಮೂಲೆಯಲ್ಲಿ ಫುಂಕಣಿ ಗೋಡೆಗೆ ಒರಗಿ ನಿಂತಿತ್ತು. ಅದನ್ನು ನೋಡಿದರೆ ಅಳು ಬರುತ್ತಿತ್ತು.

ನಮ್ಮ ಕೆಮಿಸ್ಟ್ರಿ ಮ್ಯಾಡಂ ಗಡಹಿಂಗ್ಲಜ್ ಕಡೆಯವರು. ತೆಳ್ಳಗಿನ ಗಟ್ಟಿ ಹೆಂಗಸು, ಸೀರೆಯ ಮೇಲೆ ಏಪ್ರನ್ ಹಾಕಿಕೊಂಡು ಮರಾಠಿ, ಇಂಗ್ಲಿಷ್ ಎರಡನ್ನೇ ಮಾತಾಡುತ್ತಿದ್ದರು. ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೈಕಟ್ಟಿ ನಿಂತು, "ಕರ. ಮೀ ಬಘತೆ" ಅಂದರು. ಮಾಡು, ನಾನು ನೋಡುತ್ತೇನೆ ಎಂದರ್ಥ.

ಮಾಡಿದೆ. ಹೀರಿದೆ, ಗೆರೆಗೆ ನಿಲ್ಲಿಸಿದೆ, ಫ್ಲಾಸ್ಕಿಗೆ ಬಿಟ್ಟೆ. ಪಿಪೆಟ್ಟಿನ ಮೂತಿಯಲ್ಲಿ ಒಂದು ಹನಿ ಉಳಿಯಿತು. ಅದನ್ನು 'ಫೂ' ಎಂದು ಊದಿ ಬೀಳಿಸಿದೆ. ಆಮೇಲೆ ಪಿಪೆಟ್ಟಿನೊಳಗೆ ಮೇಲಿನಿಂದ ಒಂದಿಷ್ಟು ನೀರು ಬಿಟ್ಟು, ಒಳಗೋಡೆಗೆ ಅಂಟಿದ್ದನ್ನೆಲ್ಲ ತೊಳೆದು ಫ್ಲಾಸ್ಕಿಗೆ ಇಳಿಸಿದೆ. ಮತ್ತೊಮ್ಮೆ ಊದಿದೆ. ಕೊನೆಗೆ, ತುದಿ ಮುಚ್ಚಿ ಹಿಡಿದಿದ್ದ ಬೆರಳನ್ನೂ ಫ್ಲಾಸ್ಕಿನ ಬಾಯಿಗೆ ಹಿಡಿದು, ಎರಡು ಹನಿ ನೀರಿನಿಂದ ತೊಳೆದೆ.

"ಅಯ್ಯ ನಿನ್ನ! ಬೆರಳೂ ತೊಳದ್ಯಲ್ಲ!"

ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕನ್ನಡ! ಅದೂ ಮ್ಯಾಡಮ್ಮಿನ ಬಾಯಿಂದ! ಸುರೇಖಾ ಬಾಯಿ ತೆರೆದು ನಿಂತಳು, ಜೀವನದಲ್ಲಿ ಮೊದಲ ಸಲ ಅದರಿಂದ ದನಿ ಹೊರಡಲಿಲ್ಲ.

"ಏನ ಹುಡುಗಿ, ಇದನ್ನ ಯಾರು ಕಲಿಸಿದ್ರು ನಿನಗ?"

"ಯಾರೂ ಇಲ್ರಿ ಮ್ಯಾಡಂ. ಅಂಟಿಕೊಂಡದ್ದು ಹಂಗ ಬಿಟ್ರ ದಂಡ ಆಗ್ತೈತಲ್ರಿ."

"ಎಲ್ಲಿಯಾಕಿ ನೀ?"

"ಹುಪರಿಯಾಕಿರಿ."

"ಬೆಳ್ಳಿ ಕೆಲಸದವರ?"

"ಹೌದ್ರಿ."

ಮ್ಯಾಡಂ ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ಪಿಪೆಟ್ ಎತ್ತಿ ಹಿಡಿದು ಹೇಳಿದರು: "ಇಲ್ಲಿ ನೋಡು. ಇದನ್ನ ಮಾಡಿದವ್ರು ಈ ಮೂತ್ಯಾಗಿನ ಹನಿ ಉಳಿಯೂದ ಅಂತ ಲೆಕ್ಕಾ ಹಿಡದ ಗೆರಿ ಹಾಕ್ಯಾರ. ಒಳಗ ಅಂಟಿದ್ದೂ ಲೆಕ್ಕದಾಗ ಐತಿ. ಅದು ನಿಂದಲ್ಲ. ಅದು ಪಿಪೆಟಿನ ಪಾಲು. ಅದರ ಪಾಲು ಅದಕ್ಕ ಬಿಡು."

ತಿಳಿಯಿತು. ತಿಳಿದರೆ ಆಯಿತೇ? ತಲೆಗೆ ತಿಳಿದದ್ದು ತುಟಿಗೆ ತಿಳಿಯಬೇಕಲ್ಲ! ಹನಿ ಕಂಡಿತೋ, ನನ್ನ ತುಟಿ ತಾನಾಗಿಯೇ ಮುಂದಕ್ಕೆ ಬಂದು 'ಫೂ' ಅನ್ನುತ್ತಿತ್ತು. ನೀರಿನ ಬಾಟಲಿಯನ್ನು ಸುರೇಖಾ ಕಸಿದುಕೊಂಡಳು, ಬೆರಳು ತೊಳೆಯುವುದು ನಿಂತಿತು. ಊದುವುದು ನಿಲ್ಲಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ, ಹನಿ ಬಿಡುವ ಅಭ್ಯಾಸಕ್ಕೆ ಲೋಕದಲ್ಲಿ ನಮ್ಮ ಮನೆಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಎಳನೀರಿನ ಸ್ಟ್ರಾದಲ್ಲಿ ನೀರು ಹೀರಿ, ಲೋಟಕ್ಕೆ ಬಿಟ್ಟು, ಕೊನೆಯ ಹನಿಯನ್ನು ಹಾಗೇ ಇಟ್ಟುಕೊಂಡು ಕೂತಿದ್ದಾಗ ಅಜ್ಜಿ ಬಂದಳು.

"ಏನ್ ನಡಿಸೀ?"

"ಹನಿ ಬಿಡೂದು ಕಲಿಯಾಕತ್ತೇನಿ."

"ಅದನ್ನೂ ಕಲೀಬೇಕೇನು!" ಎಂದು ಸ್ಟ್ರಾ ಕಸಿದುಕೊಂಡು, ತಾನೇ ಊದಿ, ಹನಿಯನ್ನು ಲೋಟಕ್ಕೆ ಬೀಳಿಸಿ ಹೋದಳು.

ವರ್ಷದ ಕೊನೆಯ ಪ್ರ್ಯಾಕ್ಟಿಕಲ್ ಪರೀಕ್ಷೆಯ ದಿನ ಚೀಟಿ ಎತ್ತಿದೆ. ಟೈಟ್ರೇಶನ್. ಹೊಟ್ಟೆ ಗುರುಗುಟ್ಟುವುದನ್ನೂ ಮರೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಬೆಂಚುಗಳ ನಡುವೆ ತಿರುಗುತ್ತಿದ್ದರು, ಒಂದು ಪಿಸುಮಾತೂ ಆಡುವಂತಿರಲಿಲ್ಲ. ಎದುರಿನ ಬೆಂಚಿನಲ್ಲಿ ಸುರೇಖಾ ತನ್ನ ಲವಣ ಕಾಯಿಸುತ್ತಿದ್ದಳು.

ಆಮ್ಲ ಹೀರಿದೆ. ಗೆರೆಗೆ ನಿಲ್ಲಿಸಿದೆ. ಬಿಟ್ಟೆ. ಇಳಿಯಿತು. ಮೂತಿಯಲ್ಲಿ ಹನಿ ನಿಂತಿತು, ಕಿಟಕಿಯ ಬೆಳಕಿಗೆ ಮಿಂಚುತ್ತಾ. ಏನು ಹೇಳಲಿ, ಪಿಪೆಟ್ ತಾನಾಗಿ ಬಾಯಿಯ ಹತ್ತಿರ ಬಂತು. ತುಟಿ ಮುಂದಾಯಿತು. ಕೆನ್ನೆಯಲ್ಲಿ ಗಾಳಿ ತುಂಬಿತು. ಇನ್ನೇನು, ಮುಗಿಯಿತು ನನ್ನ ಕಾಲೇಜು ಅನ್ನುವಷ್ಟರಲ್ಲಿ ಯಾಕೋ ತಲೆ ಎತ್ತಿದೆ. ಬರ್ನರಿನ ಉರಿಯ ಆಚೆ ಸುರೇಖಾ ನನ್ನನ್ನೇ ನೋಡುತ್ತಿದ್ದಳು. ದನಿಯಿಲ್ಲದೆ ಅವಳ ತುಟಿ ಆಡಿತು, ದೊಡ್ಡದಾಗಿ, ಮಗ್ಗದ ಆ ತುದಿಗೂ ಕಾಣುವಂತೆ: ಬಿ-ಡು.

ಕೆನ್ನೆಯ ಗಾಳಿಯನ್ನು ಮೂಗಿನಿಂದ ಬಿಟ್ಟೆ. ಪಿಪೆಟ್ಟನ್ನು ಅದರ ಸ್ಟ್ಯಾಂಡಿನಲ್ಲಿಟ್ಟೆ, ಹನಿಯ ಸಮೇತ. ನಲ್ಲಿ ತಿರುಗಿಸಿದೆ. ಗುಲಾಬಿ ಬಂತು. ಹತ್ತು! ಮೂರು ಸಲವೂ ಹತ್ತು. ಪರೀಕ್ಷಕರು ನೋಡಿ ತಲೆಯಾಡಿಸಿ ಮುಂದೆ ಹೋದರು. ಪರೀಕ್ಷೆ ಮುಗಿದು ಅಂಗಳಕ್ಕೆ ಬಂದ ಮೇಲೆ ಸುರೇಖಾ, "ಕಲಾ, ಬಿಟ್ಟ್ಯೇನಽ?" ಎಂದು ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಇಬ್ಬರೂ ಕುಣಿದೆವು. ನಿಜ ಹೇಳುತ್ತೇನೆ, ಏಪ್ರನ್ ಬಿಚ್ಚಿ ತಿರುಗಿಸಿ ಕುಣಿದೆವು.

ಮನೆಯಲ್ಲಿ ಅಜ್ಜಿ ಕಾಯುತ್ತಿದ್ದಳು. "ಏನಾತು?"

"ಭಾಳ ಚೊಲೋ ಆತು, ಅಜ್ಜಿ. ಕಡೀ ಹನಿ ಬಿಟ್ಟೆ!"

"ಬಿಟ್ಟಿ? ಎಲ್ಲಿ ಬಿಟ್ಟಿ?"

"ಕೊಳವಿಯೊಳಗ."

ಅಜ್ಜಿ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು. "ಹಂಗಾರ ನಾಳೆ ಹೋಗಿ ತೊಗೊಂಡ ಬಾ" ಅಂದಳು.

ಆಗ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಗೆರೆಯ ಲೆಕ್ಕ, ಹನಿಯ ಲೆಕ್ಕ, ಕೊಳವೆಯ ಪಾಲು ಕೊಳವೆಗೇ ಬಿಡಬೇಕೆಂದು ಮ್ಯಾಡಂ ಅಂದದ್ದು. ಅವಳು ಎಲೆ ಅಡಿಕೆ ಅಗಿಯುತ್ತಾ ಕೇಳಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ರಿಸಲ್ಟ್ ಬಂತು, ಎಲ್ಲದರಲ್ಲೂ ಪಾಸು. ಅಜ್ಜಿ ಮಾತಿಗೆ ತಪ್ಪುವವಳಲ್ಲ. ಅಂದು ರಾತ್ರಿ ಮೂಲೆಯಲ್ಲಿದ್ದ ಫುಂಕಣಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ತನ್ನ ಟ್ರಂಕಿನಲ್ಲಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು, ಅದನ್ನು ನೋಡಿ ಪಾಸಾದ ಖುಷಿಯಲ್ಲೂ ನನಗೆ ಕೆಡುಕೆನಿಸಿತು.

ಎರಡನೆಯ ವರ್ಷದ ಮೊದಲ ದಿನ. ಏಪ್ರನ್ ಒಗೆದು ಇಸ್ತ್ರಿ ಮಾಡಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೊರಟೆ. ಅಜ್ಜಿ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ದಿನದ ರೂಢಿಯಂತೆ ಗೋಣಿತಾಟಿನ ಮೇಲೆ ನಿಂತು ಬಲಗಾಲು ಒರೆಸತೊಡಗಿದೆ. ಅವಳು ಕೈ ಚಾಚಿ ನನ್ನ ಮೀನಖಂಡ ಹಿಡಿದಳು.

"ಇರ್ಲಿ ಬಿಡು" ಅಂದಳು. "ಒಂದೀಟು ಹೋಗ್ಲಿ ನಿನ್ನ ಜೋಡಿ. ಅದು ನಿನ್ನ ಪಾಲು."

ನಾನು ಆ ದಿನ ಕಾಲು ಒರೆಸದೆ ಕಾಲೇಜಿಗೆ ಹೋದೆ.